ತುಂಡಾದ ಪುನರ್ವಸು

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ತುಸು ಒಳಗಿದೆ. ಅಂಗಳದ ಮೂಲೆಯಲ್ಲಿ ಒಂದು ಮಳೆಮಾಪಕ. ದಿನವೂ ಬೆಳಿಗ್ಗೆ ಎಂಟೂವರೆಗೆ ಅಪ್ಪಯ್ಯ ಅದರ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಎಷ್ಟು ದಿನವಾಯಿತು, ಆಮೇಲೆ ಎಷ್ಟು ಮಳೆ ಬಿತ್ತು, ಕೊಳೆರೋಗ ಯಾವಾಗ ಕಾಣಿಸಿತು, ಎಲ್ಲವೂ ಆ ಪುಸ್ತಕಗಳಲ್ಲಿದೆ. ಎರಡು ವರ್ಷದ ಹಿಂದೆ ಅವರು ನನ್ನನ್ನು ಕೇಳಿದರು: "ಶಿವಮೊಗ್ಗದಲ್ಲಿ ಕೂತು ಕಂಪ್ಯೂಟರ್ ಕುಟ್ಟುತ್ತೀಯಲ್ಲ, ಇದನ್ನೆಲ್ಲ ಒಂದು ಚಿತ್ರ ಮಾಡಿ ಕೊಡು. ಜೂನ್, ಜುಲೈ ಎಂದಲ್ಲ. ಮಳೆ ನಕ್ಷತ್ರದ ಪ್ರಕಾರ."

ತೊಡಕು ಶುರುವಾದದ್ದು ಈ ಕೊನೆಯ ಮಾತಿನಿಂದ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹೀಗೆ ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಸಿದ್ಧ ನಕ್ಷೆ ಬಿಡಿಸುವ ತಂತ್ರಾಂಶಗಳಿಗೆ ತಿಂಗಳು ಗೊತ್ತು, ವಾರ ಗೊತ್ತು. ಆಶ್ಲೇಷ ಮಳೆ ಈಸಲಾರದ ಹೊಳೆ ಎಂಬುದು ಅವುಗಳಿಗೆ ಗೊತ್ತಿಲ್ಲ. ಹಾಗಾಗಿ ನಾನೇ ಬರೆಯಲು ಕುಳಿತೆ.

ಅದಕ್ಕೆ ಆರಿಸಿಕೊಂಡದ್ದು ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಲಿಸ್ಪ್ ಹುಟ್ಟಿದ್ದು 1958ರಲ್ಲಿ, ಅಮೆರಿಕದ ಎಂಐಟಿಯಲ್ಲಿ, ಜಾನ್ ಮೆಕಾರ್ತಿಯವರ ಕೈಯಲ್ಲಿ. ಇಂದು ಅದನ್ನು ಬಳಸುವವರು ಸಣ್ಣ ಬಳಗ. ನನ್ನ ಕಚೇರಿಯಲ್ಲಿ ನನ್ನೊಬ್ಬನನ್ನು ಬಿಟ್ಟರೆ ಯಾರೂ ಇಲ್ಲ. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್; ನಾನು ಬಳಸುವ ಕಂಪೈಲರಿನ ಹೆಸರು ಸ್ಟೀಲ್ ಬ್ಯಾಂಕ್ ಕಾಮನ್ ಲಿಸ್ಪ್. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಸ್ಪ್‌ನಿಂದ ಅದು 1999ರಲ್ಲಿ ಕವಲೊಡೆಯಿತು. ಕಾರ್ನೆಗಿಯವರ ಸಂಪತ್ತು ಉಕ್ಕಿನದು, ಮೆಲನ್ ಅವರದು ಬ್ಯಾಂಕಿನದು. ಅದರಿಂದ ಈ ತಮಾಷೆಯ ಹೆಸರು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯ ನೆರೆಯವನಾದ ನನಗೆ ಅದು ಬೇಗ ಬಾಯಿಗೆ ಹತ್ತಿತು.

ಇಷ್ಟು ಚಿಕ್ಕ ಬಳಗದ ಭಾಷೆಯನ್ನು ಏಕೆ ಹಿಡಿದುಕೊಂಡೆ ಎಂದರೆ, ಅದರಲ್ಲಿ ದೋಷ ಹುಡುಕುವ ರೀತಿಗಾಗಿ. ಹೆಚ್ಚಿನ ಭಾಷೆಗಳಲ್ಲಿ ಪ್ರೋಗ್ರಾಂ ಎಡವಿದರೆ ಅಲ್ಲಿಗೆ ಮುಗಿಯಿತು; ತಿದ್ದಿ ಮತ್ತೆ ಮೊದಲಿನಿಂದ ಓಡಿಸಬೇಕು. ಲಿಸ್ಪ್ ಎಡವಿದ ಜಾಗದಲ್ಲೇ ನಿಂತುಕೊಂಡು ಕೇಳುತ್ತದೆ: ಮತ್ತೊಮ್ಮೆ ಪ್ರಯತ್ನಿಸಲೇ, ಬೇರೆ ಬೆಲೆ ಕೊಡುತ್ತೀಯಾ, ಕೈಬಿಡಲೇ? ಅಡಿಕೆ ಕೊನೆಗಾರನನ್ನು ನೀವು ನೋಡಿರುತ್ತೀರಿ. ಕತ್ತಿ ಮೊಂಡಾಯಿತೆಂದು ಅವನು ಮರ ಇಳಿಯುವುದಿಲ್ಲ. ಹಗ್ಗ ಇಳಿಬಿಡುತ್ತಾನೆ, ಕೆಳಗಿನವರು ಬೇರೆ ಕತ್ತಿ ಕಟ್ಟುತ್ತಾರೆ, ಅವನು ಅಲ್ಲಿಂದಲೇ ಮುಂದುವರಿಯುತ್ತಾನೆ. ಲಿಸ್ಪ್‌ನಲ್ಲೂ ಅಷ್ಟೇ: ತಪ್ಪಿದ್ದ ತುಣುಕನ್ನು ಮಾತ್ರ ಹೊಸದಾಗಿ ಬರೆದು ಮೇಲಕ್ಕೆ ಕಳಿಸಿದರೆ ಸಾಕು. 1998ರಲ್ಲಿ ಹಾರಿದ ನಾಸಾದ ಡೀಪ್ ಸ್ಪೇಸ್ 1 ನೌಕೆಯಲ್ಲಿ, ಮರುವರ್ಷದ ಮೇ ತಿಂಗಳಲ್ಲಿ, ಲಿಸ್ಪ್‌ನಲ್ಲಿ ಬರೆದ ನಿಯಂತ್ರಕವೊಂದು ಸಿಕ್ಕಿಹಾಕಿಕೊಂಡಿತು. ನೆಲದ ಮೇಲಿದ್ದ ಎಂಜಿನಿಯರುಗಳು ಅದರ ಕಾರಣವನ್ನು ಅಷ್ಟು ದೂರದಿಂದಲೇ ಪತ್ತೆ ಹಚ್ಚಿದರು. ನನ್ನದು ಬರೀ ಮಳೆಯ ಲೆಕ್ಕ, ಬಿಡಿ.

ಆದರೆ ಚಿತ್ರ ಬಿಡಿಸುವ ವಿಷಯಕ್ಕೆ ಬಂದಾಗ ಚಿಕ್ಕ ಭಾಷೆಯ ಬಡತನ ಕಾಣುತ್ತದೆ. ಗೆರೆ, ಬಣ್ಣ, ಅಕ್ಷರಗಳಿಗೆಲ್ಲ ಅದು ನೆರೆಮನೆಯಿಂದ ಕಡ ತರಬೇಕು. ಆ ನೆರೆಮನೆ ಎಂದರೆ ಸಿ ಭಾಷೆ. ಕೈರೋ ಎಂಬ ಚಿತ್ರಲೇಖನ ಗ್ರಂಥಾಲಯ, ಎಂದರೆ ಚಿತ್ರ ಬಿಡಿಸುವ ಸಿದ್ಧ ತುಣುಕುಗಳ ಭಂಡಾರ, ಬರೆದದ್ದು ಸಿ ಭಾಷೆಯಲ್ಲಿ. ಎರಡು ಮನೆಗಳ ನಡುವೆ ಹಳ್ಳವಿದೆ. ದಾಟಲು ಯಾರೋ ಪುಣ್ಯಾತ್ಮರು ಬಿಡುವಿನ ವೇಳೆಯಲ್ಲಿ ಹಾಕಿದ ಕಾಲುಸಂಕವಿದೆ, ಲಿಸ್ಪ್‌ನ ಮಾತನ್ನು ಸಿ ಮನೆಗೆ ದಾಟಿಸುವ ಪುಟ್ಟ ಪ್ರೋಗ್ರಾಂ. ಎರಡು ಅಡಿಕೆ ಮರ ಕಡಿದು ಅಡ್ಡ ಹಾಕಿದಂಥ ಸಂಕ. ಬೇಸಿಗೆಯಲ್ಲಿ ಯಾರು ಬೇಕಾದರೂ ದಾಟಬಹುದು.

ಮೊದಲು ಕೈರೋದ ಸರಳ ದಾರಿಯಲ್ಲೇ ಹೆಸರುಗಳನ್ನು ಬರೆಸಿದೆ. ಅಪ್ಪಯ್ಯ ಕನ್ನಡಕ ಏರಿಸಿ ನೋಡಿ, "ಏನೋ ಇದು, ಆರಿದ್ರಾ ಕಾಲು ಮುರಿದುಕೊಂಡು ಕೂತಿದೆಯಲ್ಲ" ಎಂದರು. ನಿಜ. ರ ಒತ್ತು ದಕಾರದ ಅಡಿಗೆ ಇಳಿಯದೆ, ಪೂರ್ತಿ ಅಕ್ಷರವಾಗಿ ಪಕ್ಕದಲ್ಲಿ ನಿಂತಿತ್ತು. ಪುನರ್ವಸುವಿನ ಅರ್ಕಾವತ್ತು ಕಾಣೆ. ಆಶ್ಲೇಷದ ಗತಿಯೂ ಅದೇ. ನಮ್ಮ ಮಳೆಗಳ ಹೆಸರಿನಲ್ಲಿ ಒತ್ತಕ್ಷರ ಎಷ್ಟಿದೆ ಎಂಬುದು ನನಗೆ ಅಂದೇ ಲಕ್ಷ್ಯಕ್ಕೆ ಬಂದದ್ದು! ಕಂಪ್ಯೂಟರಿನಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಒಂದೊಂದಕ್ಕೂ ಬೇರೆ ಬೇರೆ ಸಂಕೇತ. ಕೈರೋದ ಸರಳ ದಾರಿ ಒಂದು ಸಂಕೇತಕ್ಕೆ ಒಂದು ಆಕೃತಿ ಎಂದು ಸಾಲಾಗಿ ಜೋಡಿಸುತ್ತದೆ, ಇಂಗ್ಲಿಷಿಗೆ ಅಷ್ಟು ಸಾಕು. ಅಕ್ಷರಗಳನ್ನು ಒಂದಕ್ಕೊಂದು ಕೂಡಿಸುವ ಕೆಲಸ ಹಾರ್ಫ್‌ಬಜ್ ಎಂಬುದರದು, ಸಾಲು ಕೂರಿಸುವ ಕೆಲಸ ಪ್ಯಾಂಗೋ ಎಂಬುದರದು. ಹಾರ್ಫ್‌ಬಜ್ ಪಾರಸಿ ಹೆಸರು. ಪ್ಯಾಂಗೋ ಎಂಬುದು ಗ್ರೀಕಿನ 'ಎಲ್ಲ' ಮತ್ತು ಜಪಾನಿಯ 'ಭಾಷೆ' ಸೇರಿ ಆದ ಪದ. ಇಬ್ಬರನ್ನೂ ಕರೆಸಿದೆ.

ಕರೆಸಿದ ಮೇಲೆ ಇನ್ನೂ ಕೆಟ್ಟಿತು. ಪುನರ್ವಸುವಿನ ಜಾಗದಲ್ಲಿ ಬರೀ 'ಪು', ಪಕ್ಕದಲ್ಲಿ ಅರ್ಥವಿಲ್ಲದ ಚೌಕ. ಆರಿದ್ರಾ ಹೋಗಿ 'ಆರ', ಮತ್ತೆ ಚೌಕ. ಪ್ರೋಗ್ರಾಂ ಎಡವಲಿಲ್ಲ, ನಿಲ್ಲಲಿಲ್ಲ, ನಾನು ಅಷ್ಟು ಹೊಗಳಿದ ಪ್ರಶ್ನೆಗಳನ್ನೂ ಕೇಳಲಿಲ್ಲ. ಲಿಸ್ಪ್‌ನ ದೃಷ್ಟಿಯಲ್ಲಿ ಎಲ್ಲವೂ ಸರಿ. ಪ್ಯಾಂಗೋ ಒಂದು ಎಚ್ಚರಿಕೆಯ ಸಾಲು ಬರೆದಿತ್ತು, ಆದರೆ ಅದು ಬಿದ್ದದ್ದು ನಾನು ಎಂದೂ ತೆರೆಯದ ಇನ್ನೊಂದು ಕಿಟಕಿಯಲ್ಲಿ.

ನನಗೆ ಸುಳಿವು ಕೊಟ್ಟದ್ದು ಮಘೆ. ಅದು ಚೌಕವಿಲ್ಲದೆ, ಅಚ್ಚುಕಟ್ಟಾಗಿ 'ಮ' ಎಂದಷ್ಟೇ ಬಂದಿತ್ತು. ಮ, ಘ, ಎತ್ವ: ಒಟ್ಟು ಮೂರು ಸಂಕೇತ, ಉಳಿದದ್ದು ಒಂದು. ಮೂರನೇ ಒಂದು ಭಾಗ. ಲಿಸ್ಪ್‌ನಲ್ಲಿ ಟ್ರೇಸ್ ಎಂಬ ಸಾಧನವಿದೆ; ಯಾವುದಾದರೂ ತುಣುಕಿನ ಹೆಸರು ಹೇಳಿದರೆ, ಅದನ್ನು ಯಾರು ಕರೆದರೂ ಏನು ಕೊಟ್ಟು ಕರೆದರು, ಅದು ಏನು ಮರಳಿಸಿತು ಎಂದು ಬರೆದು ತೋರಿಸುತ್ತದೆ. ಸಂಕದ ಬಾಯಿಯಲ್ಲೇ ಅದನ್ನು ಕೂರಿಸಿದೆ. ಪುನರ್ವಸು ಎಂಬ ಪದದ ಜೊತೆಗೆ 8 ಎಂಬ ಅಂಕೆ ದಾಟಿಹೋಗುವುದು ಕಂಡಿತು. ಪದದ ಉದ್ದ ಅದು. ಲಿಸ್ಪ್ ಎಣಿಸುವುದು ಸಂಕೇತಗಳನ್ನು: ಪುನರ್ವಸುವಿನಲ್ಲಿ ಎಂಟು. ಪ್ಯಾಂಗೋ ಎಣಿಸುವುದು ಬೈಟುಗಳನ್ನು, ಎಂದರೆ ಕಂಪ್ಯೂಟರಿನ ನೆನಪಿನ ಪುಟ್ಟ ಮನೆಗಳನ್ನು. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಆದ್ದರಿಂದ ಎಂಟಲ್ಲ, ಇಪ್ಪತ್ತನಾಲ್ಕು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟಾದ್ದರಿಂದ ಎರಡು ಲೆಕ್ಕವೂ ಒಂದೇ ಆಗುತ್ತದೆ. ಸಂಕ ಹಾಕಿದವರು ಇಂಗ್ಲಿಷ್ ಪದಗಳನ್ನು ದಾಟಿಸಿ ನೋಡಿದ್ದರು, ಗಟ್ಟಿಯಾಗಿಯೇ ಇತ್ತು. ಅವರ ಊರಿನಲ್ಲಿ ಅಷ್ಟು ಮಳೆ ಇಲ್ಲ, ಅಷ್ಟೇ.

ಉದ್ದದ ಜಾಗದಲ್ಲಿ ಋಣ ಒಂದು ಎಂದು ಕೊಟ್ಟರೆ ಪ್ಯಾಂಗೋ ತಾನೇ ಪದದ ಕೊನೆ ಹುಡುಕಿಕೊಳ್ಳುತ್ತದೆ. ಒಂದು ಸಾಲಿನ ತಿದ್ದುಪಡಿ. ಅದನ್ನು ಆ ಪುಣ್ಯಾತ್ಮರಿಗೂ ಕಳಿಸಿದೆ, ಅವರು ಸೇರಿಸಿಕೊಂಡರು.

ಅಲ್ಲಿಂದ ಮುಂದೆ ನಾನು ಯಾವ ದೋಷವನ್ನೂ ಮೊದಲು ಸಂಕದ ಮೇಲೆಯೇ ಹುಡುಕುತ್ತೇನೆ. ಎರಡೂ ದಡಗಳಲ್ಲಿ ಸಾವಿರಾರು ಜನ ಓಡಾಡಿ ನೆಲ ಗಟ್ಟಿಯಾಗಿದೆ, ಸಂಕದ ಮೇಲೆ ಓಡಾಡಿದವರು ಬೆರಳೆಣಿಕೆ. ಚಿತ್ರವನ್ನು ಕಿಟಕಿಯಲ್ಲಿ ತೋರಿಸಲು ಓಪನ್‌ಜಿಎಲ್ ಎಂಬ ಇನ್ನೊಂದು ಚಿತ್ರ ಸಾಧನವನ್ನು ಸೇರಿಸಿದಾಗ, ಪರದೆಯ ಚಾಲಕ ತಂತ್ರಾಂಶದ ಹೊಟ್ಟೆಯೊಳಗೆಲ್ಲೋ ದಶಾಂಶ ಲೆಕ್ಕದ ತಪ್ಪೆಂದು ಎಲ್ಲವೂ ನಿಂತಿತು. ಸೊನ್ನೆಯಿಂದ ಭಾಗಿಸಿದಾಗ ಪ್ರೊಸೆಸರ್ ಕೂಗಬೇಕೇ ಬೇಡವೇ ಎಂಬುದಕ್ಕೆ ಒಂದು ಗುಂಡಿ ಇದೆ. ಸಿ ಮನೆಯಲ್ಲಿ ಅದನ್ನು ಸಾಮಾನ್ಯವಾಗಿ ಆರಿಸಿಯೇ ಇಡುತ್ತಾರೆ, ನಮ್ಮ ಲಿಸ್ಪ್ ಹಚ್ಚಿ ಇಡುತ್ತದೆ. ಒಬ್ಬರ ಮನೆಯಲ್ಲಿ ಚಪ್ಪಲಿ ಮೆಟ್ಟಿ ಜಗಲಿ ಹತ್ತಬಹುದು, ಇನ್ನೊಬ್ಬರ ಮನೆಯಲ್ಲಿ ಹತ್ತಿದರೆ ರಂಪ. ನೆರೆಯವರು ಒಳಗಿರುವಷ್ಟು ಹೊತ್ತು ಆ ಗುಂಡಿ ಆರಿಸಿಡುವ ಉಪಾಯವೂ ಇದೆ. ಕೈರೋದ ಸ್ವಭಾವ ಇದಕ್ಕೆ ವಿರುದ್ಧ. ಒಮ್ಮೆ ತಪ್ಪಾದರೆ ಅದು ಮುನಿಸಿಕೊಂಡ ನೆಂಟನ ಹಾಗೆ. ಮುಂದೆ ಏನು ಹೇಳಿದರೂ ಏನೂ ಬಿಡಿಸುವುದಿಲ್ಲ, ಬಾಯಿಯನ್ನೂ ಬಿಡುವುದಿಲ್ಲ. ಖಾಲಿ ಹಾಳೆ ಕಂಡರೆ ನಾವಾಗಿಯೇ ಹೋಗಿ ಸ್ಥಿತಿ ಏನೆಂದು ವಿಚಾರಿಸಬೇಕು.

ಅಂತೂ ಚಿತ್ರ ಸಿದ್ಧವಾಯಿತು. ನೋಡಿದರೆ ಒಂದು ವರ್ಷದ ಆಶ್ಲೇಷದಲ್ಲಿ ನಾಲ್ಕು ದಿನ ಸೊನ್ನೆ. ಆಗುಂಬೆಯ ಮಗ್ಗುಲಲ್ಲಿ, ಆಶ್ಲೇಷದಲ್ಲಿ, ಸೊನ್ನೆ! ಸಂಕದ ಎರಡೂ ತುದಿಗೆ ಟ್ರೇಸ್ ಕೂರಿಸಿದೆ. ಎರಡು ರಾತ್ರಿ ಹುಡುಕಿದೆ. ಕೊಟ್ಟದ್ದೂ ಸೊನ್ನೆ, ಬಿಡಿಸಿದ್ದೂ ಸೊನ್ನೆ. ಕೊನೆಗೆ ಶನಿವಾರ ಊರಿಗೆ ಹೋದಾಗ ಹಳೆಯ ಪುಸ್ತಕವನ್ನೇ ತೆರೆದೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಅಪ್ಪಯ್ಯನ ಅಕ್ಷರ: "ಜ್ವರ. ಹೊರಗೆ ಹೋಗಲಿಲ್ಲ. ಐದನೆಯ ದಿನ ನೋಡಿದರೆ ಮಾಪಕದ ಬಾಯಿಯ ಮೇಲೆ ಅಡಿಕೆ ಹಾಳೆ ಬಿದ್ದಿತ್ತು."

ಆ ನಾಲ್ಕು ದಿನಗಳನ್ನು ಏನು ಮಾಡಲಿ ಎಂದು ಕೇಳಿದೆ. "ಹಾಳೆಯ ಚಿತ್ರ ಬರೆಯಲು ಬರುತ್ತದೆಯೇ ನಿನ್ನ ಲಿಸ್ಪಿಗೆ?" ಎಂದರು ಅಪ್ಪಯ್ಯ. ಬರುತ್ತದೆ. ಕಂದು ಬಣ್ಣದಲ್ಲಿ ಬಿಡಿಸಿ ಕೊಟ್ಟಿದ್ದೇನೆ. ಈಗ ಅದು ಜಗಲಿಯ ಗೋಡೆಯ ಮೇಲಿದೆ.

ನಮಸ್ಕಾರ.