ದಿನವೂ ಬರಬೇಕಾದ ಫೋನ್ ಕರೆ

ಸ್ನೇಹಿತರೇ,

"ಒಂದು ಮಗುವನ್ನು ಮನೆಗೆ ಕರೆತಂದು ಸಾಕುತ್ತೇವೆ, ಪ್ರೀತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ" ಎನ್ನುವವರು ನಮ್ಮಲ್ಲಿ ಬಹಳ. ದತ್ತು ಪಡೆಯದೆ, ಹೆತ್ತವರ ಆಸರೆಯಿಲ್ಲದ ಮಗುವನ್ನು ಹೀಗೆ ಮನೆಯಲ್ಲಿಟ್ಟು ಸಾಕುವುದಕ್ಕೆ ಪೋಷಕತ್ವ (ಫಾಸ್ಟರ್ ಕೇರ್) ಎನ್ನುತ್ತಾರೆ, ಸಾಕುವವರು ಪೋಷಕರು. ಆ ಮಾತಿನಲ್ಲಿ ಒಳ್ಳೆಯ ಮನಸ್ಸಿದೆ, ಸಿದ್ಧತೆ ಕಾಣುವುದಿಲ್ಲ.

ಹೊಡೆತವನ್ನೂ ಹಸಿವನ್ನೂ ಕಂಡ ಮಗು ಹೊಸ ಮನೆಯಲ್ಲಿ ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತದೆ. ಅದಕ್ಕೆ ಬೂಷ್ಟು ಹಿಡಿದು, ಇರುವೆ ಮುತ್ತಿದ ಮೇಲೆ ನಮಗೆ ಗೊತ್ತಾಗುತ್ತದೆ. "ಕೇಳಿದರೆ ಕೊಡುವುದಿಲ್ಲವೇ? ಕದಿಯುವುದೇಕೆ?" ಎಂದು ಗದರುತ್ತೇವೆ. ತರಬೇತಿ ಪಡೆದ ಪೋಷಕರು ಹಾಸಿಗೆ ಕೊಡವಿ, ಮಗುವಿನ ಕೈಗೆಟುಕುವಲ್ಲಿ ಬಿಸ್ಕತ್ತಿನ ಡಬ್ಬಿಯೊಂದನ್ನು ಇಟ್ಟು ಸುಮ್ಮನಾಗುತ್ತಾರೆ. ನಾಳೆಯೂ ಊಟವಿದೆ ಎಂಬುದನ್ನು ಬಾಯಿಮಾತಿನಲ್ಲಿ ನಂಬಿಸಲಾಗದು. ತಿಂಗಳುಗಟ್ಟಲೆ ಆ ಡಬ್ಬಿ ಖಾಲಿಯಾಗಬಾರದು, ಅಷ್ಟೆ. ಮನೋಚಿಕಿತ್ಸೆಯಾಗಲಿ ಆಪ್ತಸಮಾಲೋಚನೆಯಾಗಲಿ ವಾರಕ್ಕೆ ಒಂದೆರಡು ಗಂಟೆಯ ಮಾತು. ಮಿಕ್ಕ ಚಿಕಿತ್ಸೆಯೆಲ್ಲ ನಡೆಯಬೇಕಾದದ್ದು ಮನೆಯಲ್ಲೇ.

ತರಬೇತಿ ಪಡೆದ ಪೋಷಕರ ಮನೆಯಲ್ಲೇ ಹೀಗೆ ಚಿಕಿತ್ಸೆ ನಡೆಸುವುದನ್ನು ಅಮೆರಿಕದಲ್ಲಿ ಚಿಕಿತ್ಸಾ ಪೋಷಕತ್ವ ಎನ್ನುತ್ತಾರೆ. ಒರೆಗಾನ್ ರಾಜ್ಯದಲ್ಲಿ ಸಂಶೋಧಕಿ ಪೆಟ್ರೀಷಿಯಾ ಚೇಂಬರ್ಲಿನ್ ಮತ್ತು ಸಂಗಡಿಗರು 1983ರಲ್ಲಿ ಇಂಥದೊಂದು ಮಾದರಿ ಆರಂಭಿಸಿದರು. ಹದಿಹರೆಯದವರನ್ನು ಸಂಸ್ಥೆಯಲ್ಲಿ ಗುಂಪಾಗಿ ಇಡುವ ಬದಲು, ಸಾಮಾನ್ಯವಾಗಿ ಮನೆಗೊಂದೇ ಮಗು. ಅಲ್ಲಿ ನನಗೆ ತುಂಬ ಹಿಡಿಸಿದ್ದು ಫೋನ್ ಕರೆ. ತಂಡದವರೊಬ್ಬರು ಪೋಷಕರಿಗೆ ದಿನವೂ ಫೋನ್ ಮಾಡಿ ಒಂದು ಪಟ್ಟಿ ಓದುತ್ತಾರೆ: ನಿನ್ನೆ ಜಗಳವಾಯಿತೇ? ಸುಳ್ಳು ಹೇಳಿತೇ? ಹಾಸಿಗೆ ಒದ್ದೆಯಾಯಿತೇ? ಅದರಿಂದ ನಿಮಗೆ ಎಷ್ಟು ಕಿರಿಕಿರಿಯಾಯಿತು? ಈ ಕೊನೆಯ ಪ್ರಶ್ನೆಯನ್ನು ನಮ್ಮ ತಾಯಂದಿರಿಗೆ ಯಾರಾದರೂ ಕೇಳಿದ್ದುಂಟೇ! ಇದೇ ಪಟ್ಟಿಯನ್ನು ಬಳಸಿ ಸ್ಯಾನ್ ಡಿಯಾಗೋದಲ್ಲಿ ನಡೆಸಿದ, 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುವುದಿಷ್ಟು: ಇಂಥ ತೊಂದರೆಗಳು ದಿನಕ್ಕೆ ಆರನ್ನು ದಾಟಿದಂತೆಲ್ಲ ಮಗು ಆ ಮನೆ ಬಿಡಬೇಕಾಗುವ ಸಂಭವ ಏರುತ್ತ ಹೋಗುತ್ತದೆ. ಪೋಷಕರ ತಾಳ್ಮೆಗೂ ಮಿತಿಯುಂಟು, ಅದನ್ನು ಮೊದಲೇ ಅಳೆಯಬಹುದು ಎಂದಾಯಿತು. ತಾಳ್ಮೆ ಇಲ್ಲದವರು ಕೆಟ್ಟವರೆಂದು ತೀರ್ಮಾನಿಸುವ ನಮ್ಮ ಅಭ್ಯಾಸಕ್ಕಿಂತ ಇದು ಎಷ್ಟೋ ಮೇಲು.

ನಮ್ಮಲ್ಲೂ ದಾರಿಯಿದೆ. 2015ರ ಬಾಲನ್ಯಾಯ ಕಾಯ್ದೆ ಪೋಷಕತ್ವಕ್ಕೆ ಅವಕಾಶ ಕೊಟ್ಟಿದೆ. ಮಗುವನ್ನು ಒಪ್ಪಿಸುವ ಆದೇಶ ಮಕ್ಕಳ ಕಲ್ಯಾಣ ಸಮಿತಿಯದು. 2024ರ ಮಾದರಿ ಮಾರ್ಗಸೂಚಿಯ ಪ್ರಕಾರ 35ರಿಂದ 60 ವರ್ಷದ ಒಂಟಿ ವ್ಯಕ್ತಿಗಳೂ ಪೋಷಕರಾಗಬಹುದು. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ಮಗುವಿಗೆ ತಿಂಗಳಿಗೆ 4000 ರೂಪಾಯಿ ನೆರವು ನಿಗದಿಯಾಗಿದೆ. ಅದು ಮಗುವಿನ ಖರ್ಚಿಗೆ. ರಾತ್ರಿಯೆಲ್ಲ ಎದ್ದು ಕೂರುವವರ ದುಡಿಮೆಗೆ ಅಲ್ಲ. ಆ ದುಡಿಮೆಯನ್ನು ಪುಣ್ಯದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಆದ್ದರಿಂದ ಅರ್ಜಿಯ ವಿಷಯವಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋದಾಗ ಸಂಕೋಚ ಬಿಟ್ಟು ಕೇಳಿ. ಮಗು ನಡುರಾತ್ರಿ ಚೀರಿ ಎದ್ದರೆ ನಾನು ಯಾರಿಗೆ ಫೋನ್ ಮಾಡಲಿ? ನಾನೇ ಜ್ವರ ಬಂದು ಮಲಗಿದರೆ ಎರಡು ದಿನ ಅದನ್ನು ನೋಡಿಕೊಳ್ಳುವವರು ಯಾರು? "ಆಮೇಲೆ ನೋಡೋಣ" ಎಂದರೆ ಎದ್ದು ಬರಬೇಡಿ. ಹೆಸರನ್ನೂ ಫೋನ್ ನಂಬರನ್ನೂ ಬರೆದು ಕೊಡುವವರೆಗೆ ಅಲ್ಲೇ ಕುಳಿತಿರಿ.