ಮಿರಾಜ್: ಹೆಸರೊಂದೇ, ವಿಮಾನ ಬೇರೆ ಬೇರೆ

ಕೇಳುಗರಿಗೆ ನಮಸ್ಕಾರ.

ನಾವು ಬಿಸಿಲ್ಗುದುರೆ ಎನ್ನುವುದನ್ನು ಫ್ರೆಂಚರು ‘ಮಿರಾಜ್’ ಎನ್ನುತ್ತಾರೆ. ಮೊದಲು ಅದು ನಾವಿಕರ ಮಾತು. 1798ರಲ್ಲಿ ನೆಪೋಲಿಯನ್ನನ ದಂಡಿನೊಡನೆ ಈಜಿಪ್ಟಿಗೆ ಹೋದ ಗಣಿತಜ್ಞ ಗಾಸ್ಪಾರ್ ಮೊಂಜ್ ಅದರ ಬಗ್ಗೆ ಬರೆದ ಮೇಲೆ ಪದ ಊರೆಲ್ಲ ಹಬ್ಬಿತು. ಕಾದ ನೆಲದ ಪಕ್ಕದ ಗಾಳಿ ತೆಳು, ಮೇಲಿನದು ದಟ್ಟ. ಓರೆಯಾಗಿ ಇಳಿದ ಬೆಳಕು ಅಲ್ಲಿ ಮೇಲಕ್ಕೆ ಬಾಗಿ ಕಣ್ಣಿಗೆ ಬರುತ್ತದೆ. ನೀರೆಂದು ತೋರುವುದು ಆಕಾಶವೇ.

ಈ ಪದವನ್ನು ಮಾರ್ಸೆಲ್ ದಸೋ ಅವರ ಕಂಪನಿ 1950ರ ದಶಕದಲ್ಲಿ ತನ್ನ ಯುದ್ಧವಿಮಾನಕ್ಕೆ ಇಟ್ಟಿತು. ತೊಡಕು ಶುರುವಾದದ್ದು ಇಲ್ಲಿ. ಹೆಸರು ಗೆದ್ದಿತು, ಗೆದ್ದ ಹೆಸರನ್ನು ಬಿಡಲು ಯಾರಿಗೂ ಮನಸ್ಸಾಗಲಿಲ್ಲ. ಹಾಗಾಗಿ ಮಿರಾಜ್ ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಅಂಕಿ ಬೇಕೇ ಬೇಕು.

ಮಿರಾಜ್ 3ಕ್ಕೆ ತ್ರಿಕೋನ ರೆಕ್ಕೆ, ಒಂದು ಎಂಜಿನ್. 1958ರ ಅಕ್ಟೋಬರ್ 24ರಂದು ನೇರ ಹಾರಾಟದಲ್ಲಿ ಶಬ್ದದ ಎರಡು ಪಟ್ಟು ವೇಗ ದಾಟಿದ ಮೊದಲ ಯುರೋಪಿಯನ್ ವಿಮಾನ ಅದು. ಇಳಿಯುವಾಗ ಮಾತ್ರ ಹಟಮಾರಿ. ಬಾಲದಲ್ಲಿ ಅಡ್ಡರೆಕ್ಕೆ ಇಲ್ಲ. ಮೂತಿ ಎತ್ತಬೇಕಾದರೆ ರೆಕ್ಕೆಯ ಹಿಂದಂಚಿನ ಪಟ್ಟಿಗಳನ್ನೇ ಮೇಲಕ್ಕೆ ತಿರುಗಿಸಬೇಕು. ತಿರುಗಿಸಿದೊಡನೆ ಬಾಲ ಕುಸಿಯುತ್ತದೆ, ಜೊತೆಗೆ ರೆಕ್ಕೆಯ ಎತ್ತುವ ಬಲವೂ ತಗ್ಗುತ್ತದೆ. ಬಲ ಬೇಕಾದ ಹೊತ್ತಿನಲ್ಲೇ ಬಲ ಸಾಲದು! ಅದನ್ನು ತುಂಬಿಸಲು ವೇಗ ಹೆಚ್ಚಿಸಬೇಕು; ಉದ್ದದ ರನ್‌ವೇ ಬೇಕು, ಹಿಂದೆ ಬಿಚ್ಚಿಕೊಳ್ಳುವ ಪ್ಯಾರಾಶೂಟ್ ಬೇಕು.

1966ರಲ್ಲಿ ಹಾರಿದ ಮಿರಾಜ್ ಎಫ್1 ಈ ಜಂಜಾಟವೇ ಬೇಡವೆಂದು ಹಿಂಬಾಗಿದ ರೆಕ್ಕೆ ಮತ್ತು ಬಾಲದ ಅಡ್ಡರೆಕ್ಕೆಗೆ ಹೋಯಿತು. ಆಕಾರ ಪೂರ್ತಿ ಬೇರೆ, ಆದರೂ ಮಿರಾಜ್. ಮಿರಾಜ್ 4 ಅಂತೂ ಎರಡು ಎಂಜಿನ್ನಿನ ಅಣುಬಾಂಬರ್. 1978ರ ಮಿರಾಜ್ 2000 ಮತ್ತೆ ತ್ರಿಕೋನಕ್ಕೆ ಮರಳಿತು. ಈ ಸಲ ಭಾರಕೇಂದ್ರವನ್ನು ಹಿಂದಕ್ಕೆ ಸರಿಸಿ, ವಿಮಾನವನ್ನು ಬೇಕೆಂದೇ ಅಸ್ಥಿರಗೊಳಿಸಿ, ಹತೋಟಿಯನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಹಿಂದಂಚಿನ ಪಟ್ಟಿಗಳು ಇನ್ನು ರೆಕ್ಕೆಯ ಬಲವನ್ನು ಅಷ್ಟಾಗಿ ಕದಿಯುವುದಿಲ್ಲ.

ಭಾರತ 1982ರಲ್ಲಿ ಒಪ್ಪಂದ ಮಾಡಿಕೊಂಡು 1985ರಲ್ಲಿ ಸೇನೆಗೆ ಸೇರಿಸಿದ್ದು ಈ 2000ವನ್ನೇ. ಇಲ್ಲಿ ಅದಕ್ಕೆ ‘ವಜ್ರ’ ಎಂದು ಹೆಸರು. ನೆಲೆ ಗ್ವಾಲಿಯರ್, ದೊಡ್ಡ ರಿಪೇರಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ. (ಬೆಳಗಾವಿಯಿಂದ ರೈಲಿನಲ್ಲಿ ಹೋದರೆ ಸಿಗುವ ಮಿರಜ್‌ಗೂ ಇದಕ್ಕೂ ಸಂಬಂಧವಿಲ್ಲ. ಸುದ್ದಿ ಓದುವವರು ದೀರ್ಘವನ್ನು ನುಂಗಬಾರದು.)

ಸ್ವಿಟ್ಜರ್ಲೆಂಡಿನಲ್ಲಿ ಹಗರಣಕ್ಕೂ ಇದೇ ಹೆಸರು. 100 ಮಿರಾಜ್ 3 ಕೊಳ್ಳಲು ಹೊರಟವರು ಅಮೆರಿಕದ ರಾಡಾರ್ ಕೂರಿಸಿ, ಬೆಟ್ಟದೊಳಗಿನ ಗುಹೆಗಳಲ್ಲಿ ಕ್ರೇನಿನಿಂದ ಎತ್ತಿಡಲು ಒಡಲನ್ನೂ ಬಲಪಡಿಸಿದರು. ಖರ್ಚು ಕೈಮೀರಿತು, 1964ರಲ್ಲಿ ಸಂಖ್ಯೆ 57ಕ್ಕೆ ಇಳಿಯಿತು. ಮಿತ್ಸುಬಿಷಿ ಕಾರು, ಲಾಸ್ ವೇಗಸ್ಸಿನ ಹೋಟೆಲು ಕೂಡ ಮಿರಾಜ್ ಆದವು. ಆ ಹೋಟೆಲು 2024ರಲ್ಲಿ ಬಾಗಿಲು ಮುಚ್ಚಿತು.

ಚಿತ್ರ ನೋಡಿ ಗುರುತಿಸುವುದು ಹೇಗೆ? ಮೊದಲು ಬಾಲ ನೋಡಿ: ಅಡ್ಡರೆಕ್ಕೆ ಇದ್ದರೆ ಎಫ್1. ಇಲ್ಲದಿದ್ದರೆ ಎಂಜಿನ್ ಎಣಿಸಿ: ಎರಡಿದ್ದರೆ ಮಿರಾಜ್ 4. ಒಂದೇ ಇದ್ದು, ಎತ್ತರದ ಬಾಲ, ಗಾಳಿ ಸೇದುವ ಬಾಯಿಯ ಹೊರಮೈಗೆ ಪುಟ್ಟ ರೆಕ್ಕೆಯಂಥ ಪಟ್ಟಿ ಕಂಡರೆ 2000. ಆ ಬಾಯಿಯೊಳಗೆ ಹಿಂದೆ ಮುಂದೆ ಸರಿದು ಗಾಳಿಯ ಆಘಾತದ ಅಲೆಯನ್ನು ಹದದಲ್ಲಿಡುವ ಅರ್ಧ ಶಂಕುವೊಂದಿದೆ. ಅದಕ್ಕೆ ಫ್ರೆಂಚರ ಹೆಸರು ‘ಸುರಿ’, ಅಂದರೆ ಇಲಿ.