‘ಇದ್ದೀನಿ’ ಇದ್ದಲ್ಲಿ ‘ಆಮ್’

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ಸಂಜೆ ಹೊತ್ತು ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವವರೆಲ್ಲ ದೊಡ್ಡವರು. ನರಸಾಪುರದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮುಗಿಸಿದವರು, ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರು, ಮಕ್ಕಳ ಹೋಂವರ್ಕ್ ತಾವೇ ನೋಡಬೇಕು ಅನ್ನುವ ತಾಯಂದಿರು. ಬಂದ ದಿನವೇ ಹೇಳುತ್ತಾರೆ, ‘ಮೇಡಂ, ನಮಗೆ ಗ್ರಾಮರ್ ಬರಲ್ಲ.’

ಈ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಕಡೆಯವರಾದರೆ ಜೊತೆಗೆ ತಮಿಳು. ಇಷ್ಟೆಲ್ಲ ಭಾಷೆ ಸಲೀಸಾಗಿ ಆಡುವವರಿಗೆ ವ್ಯಾಕರಣ ಬರದೇ ಇರುತ್ತದೆಯೇ? ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಶುರುವಾಗಿದ್ದು 2007ರಲ್ಲಿ. ಅದಕ್ಕೂ ಮೊದಲು ಓದಿದವರಿಗೆ ಅದು ಸಿಕ್ಕಿದ್ದೇ ಐದನೇ ತರಗತಿಯಲ್ಲಿ. ಅದೂ ಬಾಯಿಪಾಠವಾಗಿ.

ನಾನು ಜಾಸ್ತಿ ಕೇಳುವ ತಪ್ಪು ಆ ಬಾಯಿಪಾಠದಿಂದಲೇ ಬಂದದ್ದು. ‘ಐ ಆಮ್ ಗೋ ಟು ಫ್ಯಾಕ್ಟರಿ ಡೈಲಿ.’ ‘ಶಿ ಈಸ್ ಕಮ್ ಬೈ ಬಸ್.’ ಮೊದಲು ಕಲಿತದ್ದು ‘ಐ ಆಮ್’, ‘ಶಿ ಈಸ್’ ತಾನೇ, ಅವು ನಾಲಿಗೆ ಬಿಟ್ಟು ಹೋಗುವುದೇ ಇಲ್ಲ. ಇಲ್ಲಿ ಟೆನ್ಸ್‌ಗಳ ಹೆಸರನ್ನು ಬೋರ್ಡ್ ತುಂಬ ಬರೆದರೆ, ದುಡಿದು ದಣಿದು ಬಂದವರ ಮುಖ ಬಾಡಿಹೋಗುತ್ತದೆ. ನಾನು ಅವರ ಬಾಯಿಂದಲೇ ಎರಡು ಮಾತು ಹೇಳಿಸುತ್ತೇನೆ. ‘ದಿನಾ ಬಸ್ಸಲ್ಲಿ ಹೋಗ್ತೀನಿ.’ ‘ಈಗ ಬಸ್ಸಲ್ಲಿ ಹೋಗ್ತಾ ಇದ್ದೀನಿ.’ ಎರಡನೆಯದರಲ್ಲಿ ‘ಇದ್ದೀನಿ’ ಇದೆ, ಅಲ್ವಾ? ಅದೇ ‘ಆಮ್’. ‘ಹೋಗ್ತಾ’ದ ‘ತಾ’ ಇದೆಯಲ್ಲ, ಅದು ‘ಇಂಗ್’. ಐ ಆಮ್ ಗೋಯಿಂಗ್. ಮೊದಲನೆಯದರಲ್ಲಿ ‘ಇದ್ದೀನಿ’ ಇಲ್ಲ, ಹಾಗಾಗಿ ‘ಆಮ್’ ಕೂಡ ಬೇಡ. ಐ ಗೋ. ಮನೆಮಾತು ತೆಲುಗಾದರೂ ಅಷ್ಟೇ, ‘ಪೋತುನ್ನಾನು’ ಒಳಗೆ ‘ಉನ್ನಾನು’ ಕೂತಿದೆ.

ಇದು ಎಲ್ಲ ಕಡೆ ನಡೆಯುವುದಿಲ್ಲ. ‘ಅವರು ನರ್ಸ್’ ಅಂದರೆ ಕನ್ನಡಕ್ಕೆ ಸಾಕು, ಇಂಗ್ಲಿಷಿಗೆ ‘ಶಿ ಈಸ್ ಎ ನರ್ಸ್’ ಆಗಬೇಕು. ‘ಬಂದಿದ್ದೀನಿ’ಯಲ್ಲಿರುವ ‘ಇದ್ದೀನಿ’ಗೆ ‘ಹ್ಯಾವ್’ ಬರುತ್ತದೆ. ಇವನ್ನೆಲ್ಲ ಮೊದಲ ವಾರವೇ ತುರುಕಬೇಡಿ.

ನಿಮ್ಮಲ್ಲಿ ಯಾರಾದರೂ ಅಕ್ಕನಿಗೋ ಅಮ್ಮನಿಗೋ ಇಂಗ್ಲಿಷ್ ಹೇಳಿಕೊಡುತ್ತಿದ್ದರೆ ನನ್ನದೊಂದು ಕೋರಿಕೆ. ಅವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ, ವಾಕ್ಯ ಮುಗಿಯಲಿ. ‘ಆಮ್’ ಕಲಿಸುವ ದಿನ ‘ಆಮ್’ ಒಂದನ್ನೇ ತಿದ್ದಿ. ‘ಎ’, ‘ದ’ ಬಿಟ್ಟುಹೋದರೆ ಹೋಗಲಿ. ಅವಕ್ಕೆ ಸರಿಯಾಗಿ ಕೂರುವಂಥದ್ದು ಕನ್ನಡದಲ್ಲೂ ಇಲ್ಲ, ತೆಲುಗಿನಲ್ಲೂ ಇಲ್ಲ, ಅವು ನಿಧಾನವಾಗಿಯೇ ಬರಬೇಕು. ಮಕ್ಕಳ ಎದುರು ತಾಯಿಯ ತಪ್ಪನ್ನು ಎತ್ತಿ ಆಡುವುದಂತೂ ಬೇಡವೇ ಬೇಡ. ಆಮೇಲೆ ಅವರು ಪುಸ್ತಕ ಮುಟ್ಟುವುದೇ ಇಲ್ಲ.

ವಾಕ್ಯಗಳು ಅವರ ಕೆಲಸದಿಂದಲೇ ಬರಲಿ. ಮೆಷಿನ್ ಈಗ ಓಡ್ತಾ ಇದೆ, ‘ದ ಮೆಷಿನ್ ಈಸ್ ರನ್ನಿಂಗ್.’ ದಿನಾ ರಾತ್ರಿ ಓಡುತ್ತೆ, ‘ದ ಮೆಷಿನ್ ರನ್ಸ್ ಎವ್ರಿ ನೈಟ್.’ ಮಂಡಿಯವರಾದರೆ ಮೆಷಿನ್ ಬದಲು ಲಾರಿ. ಹೀಗೆ ಜೋಡಿ ಜೋಡಿಯಾಗಿ ಒಂದು ವಾರ ಹೇಳಿಸಿ. ಅದು ಬಾಯಿಗೆ ಬಂದ ಮೇಲೆ ‘ಡು’, ‘ಡಸ್’ ಹಾಕಿ ನಿಮ್ಮನ್ನೇ ಪ್ರಶ್ನೆ ಕೇಳಲು ಬಿಡಿ.

ನಮಸ್ಕಾರ.